ತಡೆದುಕೊಂಡ ಹನ್ನೊಂದು ವರ್ಷ

ಡಿಪೋದಲ್ಲಿ ಅವಳಿಗೆ ಬ್ರೇಕಮ್ಮ ಎಂದೇ ಹೆಸರು. ಹನ್ನೊಂದು ವರ್ಷದಿಂದ ನಗರದ ಬಸ್ಸು ಓಡಿಸುತ್ತಿದ್ದಾಳೆ. ಅವಳು ಬ್ರೇಕು ಒತ್ತಿದರೆ ನಿಂತವರ ಕೈಯಲ್ಲಿರುವ ಲೋಟದ ನೀರೂ ತುಳುಕುವುದಿಲ್ಲ ಎಂದು ಮೆಕ್ಯಾನಿಕ್ಕುಗಳು ಹೇಳುತ್ತಾರೆ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಹೊಗಳುವಾಗ ಜಿಪುಣತನ ಮಾಡಬಾರದು. ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೇ ಪ್ರೀತಿ. ಮನೆಯಲ್ಲಿ ಅತ್ತೆ, ಗಂಡ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ ಎಲ್ಲರೂ ಅವಳನ್ನು ಒಂದೊಂದು ಕಡೆಗೆ ಎಳೆಯುತ್ತಾರೆ. ಅವಳು ಹೇಳಿದ ಕಡೆ ತಿರುಗಿ, ಹೇಳಿದ ಕಡೆ ನಿಲ್ಲುವುದು ಆ ಬಸ್ಸೊಂದೇ.

ಇಂಥ ಹೆಂಗಸಿಗೆ ಒಂದು ಗುಟ್ಟಿತ್ತು. ಬೆಳಗ್ಗೆ ಐದೂವರೆಗೆ ಸೀಟಿನಲ್ಲಿ ಕೂತರೆ ಮಧ್ಯಾಹ್ನ ಎರಡರವರೆಗೆ ಗಂಟಲಿಗೆ ಒಂದು ಹನಿ ನೀರು ಹಾಕುತ್ತಿರಲಿಲ್ಲ. ಅವಳ ಮಾರ್ಗದ ಕೊನೆಯ ನಿಲ್ದಾಣದಲ್ಲಿ ಶೌಚಾಲಯವಿಲ್ಲ. ಗಂಡಸು ಡ್ರೈವರುಗಳಿಗೆ ಕಾಂಪೌಂಡಿನ ಹಿಂದಿನ ಗೋಡೆಯಿತ್ತು. ಅದರ ಮೇಲೆ ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಆಳೆತ್ತರದ ಅಕ್ಷರದಲ್ಲಿ ಬರೆದಿದ್ದರಿಂದ ಅವರಿಗೆ ಜಾಗ ಹುಡುಕುವ ಕಷ್ಟವೂ ಇರಲಿಲ್ಲ. ಅವಳು ಏನು ಮಾಡಬೇಕು? ತಡೆದುಕೊಂಡಳು. ತಾಳಿದವನು ಬಾಳಿಯಾನು ಎಂದು ಗಾದೆ ಕಟ್ಟಿದವನು ಬಸ್ಸು ಓಡಿಸಿದವನಲ್ಲ, ಹೆಂಗಸಂತೂ ಖಂಡಿತ ಅಲ್ಲ.

ಹಗಲಲ್ಲಿ ಒಣಗಿದ ಮೈ ಸಂಜೆ ಸೇಡು ತೀರಿಸಿಕೊಳ್ಳುತ್ತಿತ್ತು. ಮನೆಗೆ ಬಂದವಳು ಚೊಂಬುಗಟ್ಟಲೆ ನೀರು ಕುಡಿಯುವಳು. ಅದರ ಫಲವಾಗಿ ರಾತ್ರಿ ನಾಲ್ಕು ಸಲ ಏಳಬೇಕಾಗಿ ನಿದ್ದೆ ಹಾಳು. ನಿದ್ದೆ ಕೆಟ್ಟ ಮುಖಕ್ಕೆ ಬೆಳಗ್ಗೆ ಬಿಸ್ಕತ್ತಿನ ಪೊಟ್ಟಣವೇ ಆಧಾರ. ಮಧ್ಯಾಹ್ನದ ಊಟವೆಂದರೆ ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತೇ, ಮಗ ಬಿಟ್ಟದ್ದು, ಮಗಳು ಮುಟ್ಟದ್ದು, ನಿನ್ನೆ ಉಳಿದದ್ದು. ಚೆಲ್ಲುವುದಕ್ಕೆ ಮನಸ್ಸು ಬಾರದ್ದೆಲ್ಲ ಅವಳ ಹೊಟ್ಟೆಗೆ. ತಟ್ಟೆ ಹಾಕಿಕೊಂಡು ಕೂತು ಉಂಡದ್ದು ಯಾವಾಗ ಎಂದು ಕೇಳಿದರೆ ಅವಳು ಯಾವುದೋ ಮದುವೆಯ ಹೆಸರು ಹೇಳಬೇಕಾಗುತ್ತಿತ್ತು.

ಹಿಂದೆ ಹೀಗಿರಲಿಲ್ಲ. ಮಕ್ಕಳಾಗುವ ಮೊದಲು ಎರಡು ಸ್ಟಾಪು ಮುಂಚೆಯೇ ಇಳಿದು ನಡೆದು ಮನೆ ಸೇರುತ್ತಿದ್ದಳು, ಹಸಿವಾದಾಗ ಉಣ್ಣುತ್ತಿದ್ದಳು, ಕಣ್ಣು ಎಳೆದಾಗ ಮಲಗುತ್ತಿದ್ದಳು. ಆಗ ಅದಕ್ಕೆ ಆರೋಗ್ಯ ಎಂದು ಯಾರೂ ಹೆಸರಿಟ್ಟಿರಲಿಲ್ಲ, ಆದ್ದರಿಂದ ಕಳೆದುಹೋದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಡ್ರೈವರುಗಳಿಗೆ ವರ್ಷಕ್ಕೊಮ್ಮೆ ವೈದ್ಯರ ಪರೀಕ್ಷೆ ಇರುತ್ತದೆ. ಕಣ್ಣು, ಕಿವಿ, ರಕ್ತ, ರಕ್ತದೊತ್ತಡ. ಪಾಸಾದರೆ ಸ್ಟಿಯರಿಂಗು, ಇಲ್ಲದಿದ್ದರೆ ಡಿಪೋದೊಳಗೆ ಕುರ್ಚಿ ಕೆಲಸ. ಆ ಕುರ್ಚಿಯ ಹೆಸರೆತ್ತಿದರೆ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಹಾಗಾಗಿ ಪ್ರತಿ ವರ್ಷ ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ ಅವಳ ಯುದ್ಧ ಶುರು. ಉಪ್ಪು ಬಂದ್, ಸಿಹಿ ಬಂದ್, ಮೂರು ಹೊತ್ತೂ ಹಣ್ಣು, ಮನೆಯ ಮೂರು ಮಹಡಿಯ ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿಯುವುದು. ಅತ್ತೆ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು. “ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋದು ಅಂದ್ರೆ ಇದೇ ನೋಡು. ಎಂಟಾಯ್ತು, ಇನ್ನೆರಡು.” ಪಾಸಾದ ದಿನ ಸಂಜೆಯೇ ಬಿಸ್ಕತ್ತಿನ ಪೊಟ್ಟಣ ವಾಪಸು ಬರುತ್ತಿತ್ತು.

ಈ ವರ್ಷ ಆ ಉಪಾಯ ಕೈಕೊಟ್ಟಿತು. ಹಣ್ಣಿನ ವ್ರತದ ಆರನೆಯ ದಿನ, ಬೆಳಗ್ಗೆ ಹತ್ತರ ಬಿಸಿಲಲ್ಲಿ, ಸೇತುವೆ ಇಳಿಯುವಾಗ ರಸ್ತೆಯ ಬಿಳಿ ಗೆರೆ ಎರಡಾಯಿತು. ಮರುಕ್ಷಣ ನಾಲ್ಕು. ಕೈಗೆ ಬೆವರು, ಕಿವಿಯಲ್ಲಿ ಗುಂಯ್. ಹೇಗೋ ಬಸ್ಸನ್ನು ಎಡಕ್ಕೆ ತಂದು, ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು. ಅವತ್ತೂ ಯಾರ ಲೋಟವೂ ತುಳುಕಲಿಲ್ಲ. ಹಿಂದಿನಿಂದ ಒಬ್ಬ “ಯಾಕ್ ಮೇಡಂ, ಇದು ಸ್ಟಾಪಲ್ವಲ್ಲ?” ಎಂದ. ಬಸ್ಸಿನಲ್ಲಿ ನಲವತ್ತು ಜನರಿದ್ದರು. ಆ ಲೆಕ್ಕವನ್ನು ಅವಳು ಈಗಲೂ ಮರೆತಿಲ್ಲ.

ಮುಚ್ಚಿಡಬಹುದಿತ್ತು. ಮರುದಿನ ಪರೀಕ್ಷೆಯ ಕೋಣೆಯಲ್ಲಿ ಅವಳು ತಾನಾಗಿಯೇ ಹೇಳಿದಳು. ವೈದ್ಯೆ ಅರವತ್ತರ ಹತ್ತಿರದ ಹೆಂಗಸು, ನಗುವುದು ಕಡಿಮೆ. ಮೂರು ಸಲ ಒತ್ತಡ ಅಳೆದರು. ಮೇಲಿನದು ನೂರ ಅರವತ್ತರಿಂದ ಕೆಳಗಿಳಿಯಲಿಲ್ಲ.

“ದಿನಕ್ಕೆ ಎಷ್ಟು ನೀರು ಕುಡೀತೀರಿ?”

“ಕುಡೀತೀನಿ ಡಾಕ್ಟ್ರೇ, ಸಂಜೆ.”

“ಸಂಜೆ ಅಂದ್ರೆ?”

ಗಂಡನಿಗೂ ಹೇಳದ ವಿಷಯ. ಕೊನೆಗೆ ಎಲ್ಲವನ್ನೂ ಹೇಳಿದಳು. ವೈದ್ಯೆ ಪೆನ್ನು ಕೆಳಗಿಟ್ಟರು.

“ನೋಡಿ, ಒಂದು ಮಾತ್ರೆ ಕೊಡ್ತೀನಿ, ದಿನಾ ತಗೊಳ್ಳಿ. ಅರ್ಧ ಕೆಲಸ ಅದು ಮಾಡತ್ತೆ, ಇನ್ನರ್ಧ ನಿಮ್ದು. ಎರಡು ವಾರ ಮನೇಲಿರಿ. ಒತ್ತಡ ಇಳಿದ್ರೆ ಗಾಡಿ ಕೊಡ್ತೀನಿ. ಆಮೇಲೆ ಮೂರು ತಿಂಗಳು, ಹದಿನೈದು ದಿನಕ್ಕೊಂದು ಸಲ ಬಂದು ತೋರಿಸ್ಬೇಕು. ಮೂರು ತಿಂಗಳಾದ್ಮೇಲೂ ಹತೋಟಿಗೆ ಬರ್ಲಿಲ್ಲ ಅಂದ್ರೆ ನಾನು ಕುರ್ಚಿ ಕೆಲಸಕ್ಕೇ ಬರೆಯೋದು. ಬೇಜಾರು ಮಾಡ್ಕೋಬೇಡಿ.”

ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆ? ಮನೆಯವರೆಗೂ ಬೇರೊಬ್ಬರ ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತು, ಕಣ್ಣೊರೆಸಿಕೊಳ್ಳುತ್ತ ಬಂದಳು. ಅಳುವಿನ ಮಧ್ಯೆಯೂ ಆ ಡ್ರೈವರ್ ಕ್ಲಚ್ಚು ಸವೆಸುತ್ತಿದ್ದಾನೆ ಎಂದು ಸಿಟ್ಟು ಬಂತು. ರಾತ್ರಿ ಗಂಡನಿಗೂ ಅತ್ತೆಗೂ ಎಲ್ಲವನ್ನೂ ಹೇಳಿದಳು, ಮಗಳೂ ಕೇಳಿಸಿಕೊಂಡಳು.

ಮನೆಯಲ್ಲಿದ್ದ ಮೂರನೆಯ ದಿನ ಮಗಳ ಶಾಲೆಯ ಚೀಲ ಬಿಚ್ಚಿದಳು. ಸಾಮಾನ್ಯವಾಗಿ ಅದು ಅತ್ತೆಯ ಕೆಲಸ. ನೀರಿನ ಬಾಟಲಿ ಬೆಳಗ್ಗೆ ತುಂಬಿಸಿಕೊಟ್ಟ ಹಾಗೇ ಇತ್ತು.

“ಇದ್ಯಾಕೆ ಹೀಗೆ ವಾಪಸ್ ಬಂದಿದೆ?”

“ದಿನಾ ಹಾಗೇ ಬರೋದು,” ಎಂದರು ಅತ್ತೆ. “ನಾನು ಗಿಡಕ್ಕೆ ಹಾಕ್ತೀನಿ.”

ಮಗಳು ಶೂ ಬಿಚ್ಚುತ್ತ ತೀರಾ ಸಲೀಸಾಗಿ ಹೇಳಿದಳು. “ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕಲ್ಲಮ್ಮ. ಅಲ್ಲಿ ಚಿಲಕ ಇಲ್ಲ. ನಾನೂ ನಿನ್ ತರಾನೇ ತಡ್ಕೋತೀನಿ. ನಾನು ನಿನಗಿಂತ ಜಾಸ್ತಿ ಹೊತ್ತು ತಡ್ಕೋಬಲ್ಲೆ, ಗೊತ್ತಾ?”

ಆ ಮಾತಿನಲ್ಲಿ ಹೆಮ್ಮೆಯಿತ್ತು. ತಾಯಿಯ ಕೈ ಬಾಟಲಿಯ ಮೇಲೆ ಹಾಗೇ ನಿಂತಿತು.

“ನೂಲಿನಂತೆ ಸೀರೆ, ತಾಯಿಯಂತೆ ಮಗಳು,” ಎಂದು ಅತ್ತೆ ತಮ್ಮ ಪಾಡಿಗೆ ಬಟ್ಟೆ ಮಡಿಸಿದರು. ಚುಚ್ಚಬೇಕೆಂದು ಆಡಿದ ಮಾತಲ್ಲ. ಆದರೆ ವೈದ್ಯೆಯ ಯಂತ್ರಕ್ಕಿಂತ ಜೋರಾಗಿ ಅದೇ ತಟ್ಟಿತು. ಗಂಡ, ಲಿಫ್ಟು ರಿಪೇರಿ ಮಾಡುವವನು, ಮರುದಿನ ಸ್ಕ್ರೂಡ್ರೈವರು ಜೇಬಿಗಿಟ್ಟುಕೊಂಡು ಶಾಲೆಗೆ ಹೋಗಿ, ಹೆಡ್‌ಮಿಸ್ಸಿನ ಅನುಮತಿ ಕೇಳಿ, ಹುಡುಗಿಯರ ಶೌಚಾಲಯಕ್ಕೆಲ್ಲ ಚಿಲಕ ಹಾಕಿ ಬಂದ. ಒಂದು ಗಂಟೆಯ ಕೆಲಸ. ಅಷ್ಟು ದಿನ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಎರಡು ವಾರಕ್ಕೆ ಒತ್ತಡ ತುಸು ಇಳಿಯಿತು, ಗಾಡಿ ಸಿಕ್ಕಿತು. ಆದರೆ ಕೊನೆಯ ನಿಲ್ದಾಣ ಎಲ್ಲಿತ್ತೋ ಅಲ್ಲೇ ಇತ್ತು, ಗೋಡೆಯೂ ಇತ್ತು. ನಿಲ್ದಾಣದ ಎದುರು ಒಂದು ಗಾಜಿನಂಗಡಿ. ಅಲ್ಲಿ ಒಬ್ಬ ದಪ್ಪ ಕನ್ನಡಕದ ಹೆಂಗಸು ಕಿಟಕಿಗೆ, ಫೋಟೋಗೆ ಗಾಜು ಕತ್ತರಿಸುತ್ತಿದ್ದರು. ಹನ್ನೊಂದು ವರ್ಷ ಇವಳು ಅವರನ್ನು ಬಸ್ಸಿನೊಳಗಿಂದ ನೋಡಿದ್ದಳು, ಅವರು ಇವಳನ್ನು ಅಂಗಡಿಯೊಳಗಿಂದ ನೋಡಿದ್ದರು. ಒಂದು ದಿನವೂ ಮಾತಿಲ್ಲ. ರಸ್ತೆ ದಾಟಿ ಆ ಮೂರು ಮೆಟ್ಟಿಲು ಹತ್ತುವುದಕ್ಕೆ ಅವಳಿಗೆ ಎರಡು ದಿನ ಬೇಕಾಯಿತು. ಕೇಳುವುದಕ್ಕಿಂತ ತಡೆಯುವುದೇ ಸುಲಭ ಎಂದು ಮೈಗೆ ರೂಢಿಯಾಗಿತ್ತು.

“ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ಮಲ್ಲಿ ಬಾತ್‌ರೂಮ್…”

“ಹಿಂದ್ಗಡೆ ಇದೆ. ಗಾಜಿನ ಚೂರಿರತ್ತೆ, ಚಪ್ಪಲಿ ಬಿಡ್ಬೇಡಿ.” ಆಕೆ ತಲೆಯೆತ್ತಿ ನೋಡಿದರು. “ನೀವು ಬ್ರೇಕಮ್ಮ ಅಲ್ವಾ? ಇಷ್ಟು ವರ್ಷ ಏನ್ಮಾಡ್ತಿದ್ರಿ?”

“ತಡ್ಕೋತಿದ್ದೆ.”

“ಅಯ್ಯೋ ನಿಮ್ಮ! ಕೇಳಿದ್ರೆ ಗಂಟೇನು ಹೋಗ್ತಿತ್ತು?”

ಹೀಗೆ ಶುರುವಾಯಿತು. ಪ್ರತಿ ಸುತ್ತಿಗೆ ಎಂಟು ನಿಮಿಷದ ಬಿಡುವು. ಅದರಲ್ಲಿ ಮೂರು ನಿಮಿಷ ಗಾಜಿನಂಗಡಿಗೆ, ಉಳಿದದ್ದರಲ್ಲಿ ಬಸ್ಸಿನ ಸುತ್ತ ನಡಿಗೆ, ನಾಲ್ಕು ಗುಟುಕು ನೀರು. ಬಾಟಲಿಯ ಮೇಲೆ ಮಗಳು ಬಣ್ಣದ ಪೆನ್ನಿನಿಂದ ಗೆರೆ ಎಳೆದು ಕೊಟ್ಟಿದ್ದಳು, ಯಾವ ಸುತ್ತಿಗೆ ಎಲ್ಲಿಯವರೆಗೆ ಎಂದು. ಸಂಜೆ ಇಬ್ಬರೂ ಖಾಲಿ ಬಾಟಲಿ ತಲೆಕೆಳಗು ಮಾಡಿ ತೋರಿಸಬೇಕು. ಮಗಳು ಒಮ್ಮೆ ಬೇಸಿನ್ನಿಗೆ ಸುರಿದು ಮೋಸ ಮಾಡಿದ್ದಳು. ತಾಯಿಯೂ ಒಮ್ಮೆ ಮಾಡಿದ್ದಳು, ಅದನ್ನು ಇವತ್ತಿನವರೆಗೂ ಒಪ್ಪಿಕೊಂಡಿಲ್ಲ.

ಉಳಿದದ್ದು ಹೇಳಿಕೊಳ್ಳುವಂಥದ್ದೇನಲ್ಲ. ಮಧ್ಯಾಹ್ನ ಕೂತು ಉಣ್ಣುವುದು. ಮೊದಲ ವಾರ ಅದು ಅವಳಿಗೆ ಅಪರಾಧ ಮಾಡಿದ ಹಾಗೆನಿಸಿತು. ಎದುರಿಗೆ ಪಾತ್ರೆ ಬಿದ್ದಿವೆ, ಒಗೆಯುವ ಬಟ್ಟೆ ಕಾಯುತ್ತಿದೆ, ತಾನು ಮಹಾರಾಣಿಯ ಹಾಗೆ ತಟ್ಟೆ ಮುಂದಿಟ್ಟುಕೊಂಡಿದ್ದೇನೆ. ಅತ್ತೆಯೇ ಒಂದು ದಿನ ತಮ್ಮ ತಟ್ಟೆಯನ್ನೂ ತಂದು ಎದುರು ಕೂತರು. “ಒಬ್ಬಳೇ ಉಣ್ಣೋಕೆ ನನಗೂ ಸೇರಲ್ಲ,” ಎಂದರು. ಮದುವೆಯಾಗಿ ಹದಿಮೂರು ವರ್ಷದಲ್ಲಿ ಅತ್ತೆಗೆ ಏನು ಸೇರುತ್ತದೆ ಎಂದು ಅವಳು ಕೇಳಿರಲಿಲ್ಲ. ಮಗನ ತಟ್ಟೆಗೆ ಕಡಿಮೆ ಬಡಿಸಿದರು, ಉಳಿಯುವುದೂ ಕಡಿಮೆಯಾಯಿತು. ಸಂಜೆ ಮಾರುಕಟ್ಟೆಗೆ ನಡೆದೇ ಹೋಗುವುದು ಮತ್ತೆ ಶುರುವಾಯಿತು. ಮೆಟ್ಟಿಲು ಹತ್ತು ಸಲ ಹತ್ತುವ ನಾಟಕ ನಿಂತಿತು.

ಎಲ್ಲ ಸುಸೂತ್ರವಾಗಿತ್ತೆಂದಲ್ಲ. ಎರಡನೆಯ ತಿಂಗಳಲ್ಲಿ ಮಗನಿಗೆ ಜ್ವರ ಬಂತು, ಐದು ದಿನ ನಿದ್ದೆಯಿಲ್ಲ, ಊಟದ ಹೊತ್ತಿಲ್ಲ, ಬಿಸ್ಕತ್ತಿನ ಎರಡು ಪೊಟ್ಟಣ ಖಾಲಿ. ಆ ಸಲದ ತಪಾಸಣೆಯಲ್ಲಿ ಒತ್ತಡ ಏರಿತ್ತು. ಹಿಂದಿನ ಬ್ರೇಕಮ್ಮನಾಗಿದ್ದರೆ ‘ಹೋಯ್ತು, ನನ್ನ ಕೈಲಾಗಲ್ಲ’ ಎಂದು ಕೈಚೆಲ್ಲುತ್ತಿದ್ದಳು. ಅಥವಾ ಸಿಟ್ಟಿನಲ್ಲಿ ಮತ್ತೆ ಹಣ್ಣಿನ ವ್ರತ ಹಿಡಿಯುತ್ತಿದ್ದಳು. ಈ ಸಲ ಎರಡೂ ಮಾಡಲಿಲ್ಲ. ಮಗನ ಜ್ವರ ಬಿಟ್ಟ ಮರುದಿನ ಬಾಟಲಿ ತುಂಬಿಸಿದಳು, ಮಧ್ಯಾಹ್ನ ಕೂತು ಉಂಡಳು. ಕೆಟ್ಟದ್ದು ಐದು ದಿನ ಮಾತ್ರ, ಆರನೆಯದು ಕೆಡಬೇಕಾಗಿಲ್ಲ ಎಂಬಷ್ಟು ಸಣ್ಣ ಮಾತು ತಿಳಿಯಲು ಅವಳಿಗೆ ನಲವತ್ತು ವರ್ಷ ಹಿಡಿದಿತ್ತು. ನಮ್ಮಲ್ಲಿ ಎಷ್ಟೋ ಜನರಿಗೆ ಅಷ್ಟೂ ತಿಳಿದಿಲ್ಲ.

ಮೂರು ತಿಂಗಳ ಕೊನೆಗೆ ವೈದ್ಯೆ ಪಟ್ಟಿ ಸುತ್ತಿ, ಒತ್ತಿ, ಬಿಟ್ಟು, ನೂರ ಮೂವತ್ತೆರಡು ಎಂದರು. ಇನ್ನೊಮ್ಮೆ ನೋಡಿದರು. ನೂರ ಮೂವತ್ತು. ಕಾಗದದ ಮೇಲೆ ಸಹಿ ಹಾಕುವ ಮೊದಲು ಕನ್ನಡಕದ ಮೇಲಿನಿಂದ ನೋಡಿದರು. “ಪಾಸಾಯ್ತು ಅಂತ ಇವತ್ತಿಂದ ಬಿಟ್ಬಿಟ್ರೆ ಮುಂದಿನ ವರ್ಷ ಇದೇ ಕೈಯಲ್ಲಿ ಕುರ್ಚಿಗೆ ಬರೀತೀನಿ.”

“ಬಿಡಲ್ಲ ಡಾಕ್ಟ್ರೇ,” ಎಂದಳು. ಹೇಳುವುದು ಸುಲಭ.

ಮರುದಿನವೇ ಅದರ ಪರೀಕ್ಷೆ. ಪೈಪು ಹಾಕಲು ಅರ್ಧ ರಸ್ತೆ ಅಗೆದಿದ್ದರು. ಮೂರನೆಯ ಸುತ್ತಿನಲ್ಲಿ ಕೊನೆಯ ನಿಲ್ದಾಣ ಮುಟ್ಟುವಾಗಲೇ, ಅಲ್ಲಿಂದ ಹೊರಡಬೇಕಾದ ಹೊತ್ತಿಗಿಂತ ಹನ್ನೆರಡು ನಿಮಿಷ ತಡ. ಬಿಡುವಿನ ಎಂಟು ನಿಮಿಷ ಅಲ್ಲಿಗೇ ನುಂಗಿಹೋಗಿತ್ತು. ನಿಯಮದ ಪ್ರಕಾರ ಬಂದ ಕಾಲಲ್ಲೇ ಹೊರಡಬೇಕು. ಕಾದು ಕಾದು ಸಿಟ್ಟಾಗಿದ್ದ ಜನ ದಬದಬ ಹತ್ತಿ ಕೂತರು. ಒಬ್ಬ ಆಗಲೇ ಗಡಿಯಾರ ತೋರಿಸಿ, “ಹೊರಡಿ ಮೇಡಂ, ಆಫೀಸಿಲ್ವಾ ನಮಗೆ?” ಎಂದ.

ಅವಳು ಮೂರನೆಯ ಗೆರೆಯವರೆಗೂ ನೀರು ಕುಡಿದಿದ್ದಳು. ಕೈ ಕೀಲಿಯ ಮೇಲಿತ್ತು. ಒಂದೇ ಸುತ್ತು, ಐವತ್ತು ನಿಮಿಷ, ತಡೆದುಕೊಳ್ಳಬಹುದು. ಹನ್ನೊಂದು ವರ್ಷ ತಡೆದವಳಿಗೆ ಐವತ್ತು ನಿಮಿಷ ಯಾವ ಲೆಕ್ಕ? ಇವತ್ತೊಂದು ದಿನ. ಆಮೇಲೆ ನಾಳೆಯೂ ಅಗೆದ ರಸ್ತೆ ಇರುತ್ತದೆ, ನಾಡಿದ್ದು ಇನ್ನೇನೋ ಇರುತ್ತದೆ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು.

ಕೀಲಿ ತೆಗೆದು ಜೇಬಿಗೆ ಹಾಕಿಕೊಂಡಳು. ಎದ್ದು ನಿಂತು, ಜನರ ಕಡೆ ತಿರುಗಿದಳು. ಕೆನ್ನೆ ಬಿಸಿಯಾಯಿತು, ಆದರೂ ದನಿ ಎತ್ತಿಯೇ ಹೇಳಿದಳು. “ನಾನು ಬಾತ್‌ರೂಮಿಗೆ ಹೋಗಿ ಬರ್ತೀನಿ. ಬಂದ್ಮೇಲೆ ಬಸ್ಸು.”

ಗಡಿಯಾರ ತೋರಿಸಿದವನು ಕಿಟಕಿಯ ಹೊರಗೆ ಏನನ್ನೋ ಹುಡುಕಿದ.

ಮೂರನೆಯ ಸಾಲಿನಿಂದ ಒಬ್ಬ ವಯಸ್ಸಾದ ಹೆಂಗಸು ಕಂಬಿ ಹಿಡಿದು ಎದ್ದರು. “ಇರಮ್ಮ, ನಾನೂ ಬರ್ತೀನಿ. ಮನೆ ಬಿಟ್ಟಾಗಿಂದ ತಡ್ಕೊಂಡಿದೀನಿ.” ಅವರ ಹಿಂದೆ ಕೈಗೂಸಿನ ತಾಯಿಯೊಬ್ಬಳು ಮಗುವನ್ನು ಪಕ್ಕದವಳ ಮಡಿಲಿಗೆ ಕೊಟ್ಟು ಎದ್ದಳು. ಕೊನೆಯ ಸಾಲಿನಿಂದ ಕಾಲೇಜು ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡೇ ಇಳಿದು ಬಂದಳು. ನಾಲ್ವರೂ ಸಾಲಾಗಿ ರಸ್ತೆ ದಾಟಿದರು. ಗಾಜಿನಂಗಡಿಯ ಹೆಂಗಸು ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, “ಏನಿವತ್ತು, ಬಸ್ಸನ್ನೇ ಕರ್ಕೊಂಡು ಬಂದಿದೀರಾ?” ಎಂದರು.

ಬಸ್ಸು ಹೊರಟದ್ದು ಇಪ್ಪತ್ತೊಂದು ನಿಮಿಷ ತಡವಾಗಿ. ಪಾಳಿ ಮುಗಿದ ಮೇಲೆ ಡಿಪೋದಲ್ಲಿ ದಿನದ ಹಾಳೆ ತುಂಬುವಾಗ ‘ತಡಕ್ಕೆ ಕಾರಣ’ ಎಂಬ ಅಂಕಣದ ಮುಂದೆ ಅವಳು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಳು. ಅಲ್ಲಿ ಎಲ್ಲರೂ ಬರೆಯುವುದು ‘ಟ್ರಾಫಿಕ್’. ಹನ್ನೆರಡು ನಿಮಿಷಕ್ಕೆ ಅವಳೂ ‘ರಸ್ತೆ ಅಗೆತ’ ಎಂದು ಬರೆದಳು. ಉಳಿದ ಒಂಬತ್ತು ನಿಮಿಷಕ್ಕೆ, ಕೆಳಗಿನ ಸಾಲಿನಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಳು: ‘ಕೊನೆಯ ನಿಲ್ದಾಣದಲ್ಲಿ ಶೌಚಾಲಯವಿಲ್ಲ. ಡ್ರೈವರ್ ಮತ್ತು ಮೂವರು ಪ್ರಯಾಣಿಕರು ಮೂತ್ರಕ್ಕೆ ಹೋಗಿದ್ದೆವು.’ ಕೆಳಗೆ ಸಹಿ ಹಾಕಿ ಹಾಳೆಯನ್ನು ಕಿಟಕಿಯೊಳಗೆ ಕೊಟ್ಟಳು.