ಕೋವಿಯ ಚರ್ಚೆ ನಮ್ಮ ಮನೆಗೆ ಬಂದ ಶುಕ್ರವಾರ

ಆ ವರ್ಷ ನನ್ನ ಮಗಳು ಹನ್ನೊಂದನೇ ತರಗತಿಯಲ್ಲಿದ್ದಳು. ನಾವು ದುಬೈಯ ಮಿರ್ದಿಫ್ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ಬಾಡಿಗೆಗಿದ್ದೆವು. ಗಂಡನಿಗೆ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಪಾಳಿಯ ಕೆಲಸ, ನನಗೆ ಅಲ್ ಮುರಕ್ಕಬಾತ್‌ನ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್. ಕ್ಲಿನಿಕ್ಕಿನ ಟಿ.ವಿ.ಯಲ್ಲಿ ಆ ವಾರವಿಡೀ ಅಮೆರಿಕದ ಒಂದು ಶಾಲೆಯನ್ನು ತೋರಿಸುತ್ತಿದ್ದರು. ಹುಡುಗನೊಬ್ಬ ಬಂದೂಕು ತಂದು ತನ್ನ ಸಹಪಾಠಿಗಳನ್ನೇ ಕೊಂದಿದ್ದ. ಉಳಿದ ಮಕ್ಕಳು ಕೈ ಮೇಲೆತ್ತಿಕೊಂಡು ಸಾಲಾಗಿ ಹೊರಬರುವುದನ್ನು ರೋಗಿಗಳು ದವಡೆ ಹಿಡಿದುಕೊಂಡೇ ನೋಡುತ್ತಿದ್ದರು. ಯಾರೋ ಚಾನೆಲ್ ಬದಲಿಸಿ ಎಂದರು. ಬದಲಿಸಿದರೆ ಅಲ್ಲೂ ಅದೇ.

ಮಗಳ ಶಾಲೆಯಲ್ಲಿ ಚರ್ಚಾಸ್ಪರ್ಧೆಗೆ ಅದನ್ನೇ ವಿಷಯವಾಗಿ ಕೊಟ್ಟರು. ಎಳೆಯರ ಕೈಗೆ ಬಂದೂಕು ಸಿಗದಂತೆ ಕಾನೂನು ಬಿಗಿಯಾಗಬೇಕೇ, ಬೇಡವೇ? ಇವಳು ಬೇಕು ಎನ್ನುವ ಪಕ್ಷ.

"ಮಮ್ಮಿ, ತಾತನ ಮನೇಲಿ ಗನ್ಸ್ ಇವೆ ಅಲ್ವಾ? ಲಾಕ್ ಮಾಡಿ ಇಡ್ತಾರಾ?" ಎಂದು ಕೇಳಿದಳು.

ಇವೆ. ನಾವು ಕೊಡಗಿನವರು. ನಮಗೆ ಕೋವಿಗೆ ಲೈಸೆನ್ಸ್ ಬೇಡ, ವಿನಾಯಿತಿ ಇದೆ. ಅಣ್ಣನ ಸಂಸಾರ ಇರುವ ತವರಿನ ಹಜಾರದ ಗೋಡೆಯಲ್ಲಿ ಎರಡು ಕೋವಿಗಳು ತೂಗುತ್ತಿದ್ದವು. ಕೈಲ್ ಮುಹೂರ್ತದ ಹಬ್ಬದಲ್ಲಿ ಅವನ್ನು ಇಳಿಸಿ ಹೂವಿಟ್ಟು ಪೂಜಿಸಿ ಮತ್ತೆ ಅಲ್ಲೇ ತೂಗುಹಾಕುತ್ತಿದ್ದರು. ಬೀಗದ ಯೋಚನೆ ನನಗೆ ಹುಟ್ಟಿದಾಗಿನಿಂದ ಒಮ್ಮೆಯೂ ಬಂದಿರಲಿಲ್ಲ.

ಮಗಳು ಆ ಪ್ರಶ್ನೆಯನ್ನೇ ಮೊಬೈಲಿನ ಕುಟುಂಬದ ಗ್ರೂಪಿಗೆ ಹಾಕಿಬಿಟ್ಟಳು. ಗ್ರೂಪಿಗೆ ಬೆಂಕಿ ಬಿದ್ದಂತಾಯಿತು. "ದುಬೈಯಲ್ಲಿ ಬೆಳೆದ ಮಕ್ಕಳಿಗೆ ಕೋವಿಯ ಮರ್ಯಾದೆ ಏನು ಗೊತ್ತು?" ಎಂದು ಚಿಕ್ಕಪ್ಪ ಬರೆದರು. "ಅಮೆರಿಕದವರ ಗನ್ ಬೇರೆ, ನಮ್ಮ ಕೋವಿ ಬೇರೆ," ಎಂದ ನನ್ನ ಅಣ್ಣ. ಅವನ ಮಗ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವನು, ಏನೂ ಬರೆಯಲಿಲ್ಲ. ಮೊದಲಿಂದಲೂ ಮಾತು ಕಡಿಮೆಯ ಹುಡುಗ. ಆ ವಾರ ಹಾಸ್ಟೆಲಿನಿಂದ ಮನೆಗೆ ಬಂದಿದ್ದ.

ಶುಕ್ರವಾರ ನಮಗೆ ರಜೆ. ಮಧ್ಯಾಹ್ನದ ಅಡುಗೆ ಮಾಡುತ್ತಿದ್ದೆ. ಮಗಳು ಫೋನ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು. "ಭಾವ ಏನೋ ಕಳಿಸಿದ್ದಾನೆ. ಜೋಕ್ ಇರಬೇಕು, ಅಲ್ವಾ?"

ಅಣ್ಣನ ಮಗ ಅವಳೊಬ್ಬಳಿಗೇ ಬರೆದಿದ್ದ. ನಿನ್ನ ಡಿಬೇಟಿಗೆ ಒಂದು ಪಾಯಿಂಟ್: ಆ ಹುಡುಗನಿಗೆ ಕ್ಲಾಸಿನಲ್ಲಿ ಏನೇನು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ನನ್ನ ಹತ್ತಿರವೂ ನಾಲ್ಕು ಹೆಸರಿವೆ. ಇನ್ನು ಮೇಲೆ ಅವರು ಯಾರಿಗೂ ಹಾಗೆ ಮಾಡುವುದಿಲ್ಲ. ಕೊನೆಯಲ್ಲಿ ಒಂದು ನಗುವ ಮುಖ.

ಆ ನಗುವ ಮುಖ ನೋಡಿಯೇ ಇದು ಜೋಕ್ ಅಲ್ಲ ಎನ್ನಿಸಿತು. ಸ್ಟವ್ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಅಣ್ಣನಿಗೆ ಫೋನ್ ಮಾಡಿದೆ. ಪಾಳಿ ಮುಗಿಸಿ ಮಲಗಿದ್ದ ಗಂಡ ನನ್ನ ದನಿ ಕೇಳಿ ಎದ್ದುಬಂದು ಮೆಸೇಜು ಓದಿದರು. "ಫೋನಲ್ಲಿ ಅದರ ಹೆಸರು ಎತ್ತಬೇಡ," ಎಂದು ಕೈಸನ್ನೆ ಮಾಡಿದರು. ಬಂದೂಕು, ಸಾಯಿಸುವುದು ಎನ್ನುವ ಮಾತನ್ನೆಲ್ಲ ಈ ದೇಶದಲ್ಲಿ ಕೂತು ಫೋನಿನಲ್ಲಿ ಆಡಲು ನಮಗೆ ಭಯ.

"ಅಣ್ಣಾ, ಗೋಡೆ ಮೇಲಿರೋದು ಇದೆಯಾ ನೋಡು."

"ಏನಿರೋದು?"

"ಹಜಾರದಲ್ಲಿ. ಹಬ್ಬಕ್ಕೆ ಇಳಿಸೋದು."

ಅಣ್ಣ ನಕ್ಕ. ಮಗಳ ಚರ್ಚೆ ನಿನ್ನ ತಲೆಗೂ ಏರಿತಾ ಎಂದ. ನಾನು ಅಳುತ್ತಿರುವುದು ತಿಳಿದ ಮೇಲೆ ಎದ್ದು ಹೋದ. ಅವನ ಚಪ್ಪಲಿಯ ಸದ್ದು ಕೇಳುತ್ತಿತ್ತು. ಆಮೇಲೆ ಆ ಸದ್ದೂ ನಿಂತಿತು. ನಾನು "ಅಣ್ಣಾ, ಅಣ್ಣಾ" ಎನ್ನುತ್ತಲೇ ಇದ್ದೆ.

"ಒಂದೇ ಇದೆ," ಎಂದ ಕೊನೆಗೆ. ಅದು ಅವನ ದನಿಯಂತೆಯೇ ಇರಲಿಲ್ಲ. "ಇವನು ಬೆಳಿಗ್ಗೆ ಜೀಪ್ ತಗೊಂಡು ಹೋದ. ಹಾಸ್ಟೆಲಿಂದ ಪುಸ್ತಕ ತರಬೇಕು ಅಂದ."

ಅತ್ತಿಗೆ ಫೋನ್ ಕಿತ್ತುಕೊಂಡರು. ಪೊಲೀಸರಿಗೆ ಹೇಳೋಣ ಎಂದೆ. "ಅವನ ಬದುಕು ಮುಗಿದುಹೋಗ್ತದೆ. ಅವನಪ್ಪ ಈಗಲೇ ಹಿಂದೆ ಹೊರಡ್ತಾರೆ. ನೀನು ಸುಮ್ಮನಿರು, ನಿನ್ನ ಕಾಲು ಹಿಡೀತೇನೆ," ಎಂದರು.

"ಆ ನಾಲ್ಕು ಮಕ್ಕಳಿಗೂ ಅಮ್ಮ ಇದ್ದಾರಲ್ಲ ಅತ್ತಿಗೆ?"

ಅವರು ಫೋನ್ ಇಟ್ಟರು. ನಾನು ಗಂಡನ ಮುಖ ನೋಡಿದೆ. ಅವರು ಕಾಲೇಜಿನ ನಂಬರು ಹುಡುಕಿಕೊಟ್ಟರು. ಭಯ ಬಿಟ್ಟು ವಾರ್ಡನ್ನರಿಗೆ ಕೋವಿಯ ವಿಷಯ, ಹುಡುಗನ ಹೆಸರು, ಜೀಪಿನ ಗುರುತು ಎಲ್ಲ ಹೇಳಿದೆ. ಹಾಸ್ಟೆಲಿನ ಬಾಗಿಲು ಹಾಕಿಸಿ, ಪೊಲೀಸರಿಗೆ ತಿಳಿಸಿ ಎಂದೆ. ಎತ್ತಿ ಆಡಿಸಿದ ಮಗುವಿನ ಹೆಸರನ್ನು ಹಾಗೆ ಅಕ್ಷರ ಬಿಡಿಸಿ ಒಪ್ಪಿಸಿದೆ.

ಅವನು ಯಾರ ಫೋನನ್ನೂ ಎತ್ತಲಿಲ್ಲ. ಮಗಳ ಮೆಸೇಜಿಗೆ ಮಾತ್ರ ಉತ್ತರ ಕೊಡುತ್ತಿದ್ದ. ಅವಳು ಸೋಫಾದ ಮೂಲೆಯಲ್ಲಿ ಮೊಣಕಾಲು ಮಡಚಿ ಕೂತು ಬರೆದಳು: ಎದುರು ಪಕ್ಷದವರು ಏನು ಹೇಳಬಹುದು, ಹೇಳಿಕೊಡು, ನಾನು ಸೋತುಹೋಗ್ತೀನಿ.

ಆಮೇಲೆ ಒಂದೊಂದೇ ಸಾಲು ಬರತೊಡಗಿತು. ಕಾನೂನು ಮಾಡಿದರೂ ಬೇಕಾದವನಿಗೆ ಸಿಗುತ್ತದೆ ಎನ್ನುತ್ತಾರೆ. ಅದಕ್ಕೆ ನೀನು, ಹುಡುಕುವಷ್ಟು ಹೊತ್ತಿನಲ್ಲಿ ಮನಸ್ಸು ಬದಲಾಗಬಹುದು ಅನ್ನು.

ಮಗಳು ಅದನ್ನು ಓದಿ ಹೇಳುವಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಎ.ಸಿ. ಆಫ್ ಮಾಡಿದೆ. ಆದರೂ ನಿಲ್ಲಲಿಲ್ಲ.

ಎಲ್ಲಿದ್ದೀಯಾ ಎಂದು ಕೇಳು ಅಂದೆ. ಹುಣಸೂರಿನ ಹತ್ತಿರ, ಟೀ ಅಂಗಡಿಯಲ್ಲಿ ಎಂದು ಬರೆದ. ಅದನ್ನು ಅಣ್ಣನಿಗೂ ವಾರ್ಡನ್ನರಿಗೂ ಹೇಳಿದೆ. ಮಗಳು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಲೇ ಇದ್ದಳು. ಗೊತ್ತಿದ್ದದ್ದನ್ನೂ ಕೇಳಿದಳು. ಕೆಳಗಿನ ಮಸೀದಿಯಿಂದ ನಮಾಜು ಮುಗಿಸಿದವರು ಮಾತಾಡುತ್ತ ಕಾರು ಹತ್ತುತ್ತಿದ್ದರು. ಅವರ ಮಕ್ಕಳು ನಗುತ್ತಿದ್ದದ್ದು ಕಿಟಕಿಯವರೆಗೂ ಕೇಳಿಸುತ್ತಿತ್ತು.

ಆಮೇಲೆ ಅವನ ಉತ್ತರ ನಿಂತುಹೋಯಿತು. ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ.

ಅಣ್ಣ ಫೋನ್ ಮಾಡಿ "ಸಿಕ್ಕಿದ" ಎಂದ. ಅಷ್ಟೇ ಹೇಳಲು ಆದದ್ದು. ಹುಡುಗ ಅಪ್ಪನನ್ನು ಕಂಡವನೇ ಜೀಪಿನ ಕೀ ಚಾಚಿದನಂತೆ. ಹಿಂದಿನ ಸೀಟಿನಲ್ಲಿ ಕೋವಿ ಬೆಡ್‌ಶೀಟಿನಲ್ಲಿ ಸುತ್ತಿತ್ತು. ಸ್ವಲ್ಪ ಹೊತ್ತಿಗೆ ಪೊಲೀಸರೂ ಬಂದರು.

ಎರಡೂ ಕೋವಿಗಳು ಠಾಣೆಗೆ ಹೋದವು. ಕೇಸು, ಓಡಾಟ, ಡಾಕ್ಟರು, ಮಾತ್ರೆ ಎಂದು ಅಣ್ಣನ ಮನೆ ಬಹಳ ಕಾಲ ನರಳಿತು. ಹಾಸ್ಟೆಲಿನಲ್ಲಿ ಆ ನಾಲ್ವರು ಇವನನ್ನು ಬಟ್ಟೆ ಬಿಚ್ಚಿಸಿ ನಿಲ್ಲಿಸಿ ವೀಡಿಯೊ ಮಾಡಿದ್ದರೆಂಬುದು ಆಗಲೇ ಹೊರಬಂದದ್ದು. "ಮನೆತನದ ಕೋವಿಯನ್ನು ಸ್ಟೇಷನ್ನಿಗೆ ಹಾಕಿಸಿದಳು," ಎಂದು ಚಿಕ್ಕಪ್ಪ ಗ್ರೂಪಿನಲ್ಲಿ ನನ್ನ ಮೇಲೆ ಬರೆದರು. ಅಣ್ಣ ಗ್ರೂಪಿನಿಂದಲೇ ಹೊರಬಿದ್ದ. ಅತ್ತಿಗೆ ಎರಡು ವರ್ಷ ನನ್ನೊಡನೆ ಮಾತು ಬಿಟ್ಟರು. ಮಗಳು ಸ್ಪರ್ಧೆಯಲ್ಲಿ ಮಾತಾಡಿದಳು. ಬಹುಮಾನ ಬರಲಿಲ್ಲ. ನಮ್ಮ ಮನೆಯ ಸುದ್ದಿಯನ್ನು ಅಲ್ಲಿ ಎತ್ತಲೂ ಇಲ್ಲ.

ಮುಂದೆ ಒಂದು ರಜೆಯಲ್ಲಿ ಊರಿಗೆ ಹೋದಾಗ ಅಣ್ಣನ ಮಗನಿಗೆ ಊಟಕ್ಕೆ ಬಡಿಸುತ್ತಿದ್ದೆ. ಮೈ ತುಂಬಿಕೊಂಡಿದ್ದ, ಗಡ್ಡ ಬಿಟ್ಟಿದ್ದ. ಬೇರೆ ಯಾರೂ ಇರಲಿಲ್ಲ, ಕೇಳಿಯೇ ಬಿಟ್ಟೆ. "ನಿಜವಾಗಿಯೂ ಮಾಡ್ತಿದ್ದೆಯಾ?"

ಅವನು ತಟ್ಟೆ ನೋಡುತ್ತಲೇ ಹೇಳಿದ. "ಗೊತ್ತಿಲ್ಲ ಅತ್ತೆ. ಜೀಪ್ ಹತ್ತುವಾಗ ಮಾಡ್ತೇನೆ ಅಂತಲೇ ಇತ್ತು. ಟೀ ಕುಡಿಯುವಾಗ ಗೊತ್ತಿರಲಿಲ್ಲ. ಅವಳು ಬಿಡದೆ ಕೇಳ್ತಾನೇ ಇದ್ಲು."

ಆಮೇಲೆ ಇನ್ನೊಂದು ಅಕ್ಕಿರೊಟ್ಟಿ ಕೇಳಿದ. ನಾನು ರೊಟ್ಟಿ ಹಿಡಿದು ಹಾಗೇ ನಿಂತಿದ್ದನ್ನು ನೋಡಿದನೋ ಏನೋ, ತಟ್ಟೆಯನ್ನು ತಾನೇ ಮೇಲಕ್ಕೆತ್ತಿ ಹಿಡಿದ.