ಗೋಡೆಗೊರಗಿದ ಯೋಗ

ಅವರೆಕಾಳು ಹಿತುಕುವ ಕೆಲಸದಲ್ಲಿ ನಾನು ಇನ್ನೂ ಪಳಗಿಲ್ಲ. ನೆನೆದ ಕಾಳನ್ನು ಬೆರಳುಗಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಬೀಳಬೇಕು, ನನ್ನದು ಟಿ.ವಿ. ಮೇಜಿನ ಕೆಳಗೆ ಹಾರುತ್ತದೆ. ಹಾಗೆ ಹಾರಿದ್ದನ್ನು ಹುಡುಕುತ್ತ ನೆಲಕ್ಕೆ ಕೆನ್ನೆಯೂರಿದ್ದಾಗ ಪೀಣ್ಯದಿಂದ ಯಜಮಾನರ ಫೋನು ಬಂತು.

"ಬಿ.ಪಿ. ಜಾಸ್ತಿ ಇದೆಯಂತೆ ಕಣೇ. ಕುಲುಮೆ ಹತ್ರ ನಿಲ್ಲೋ ಹಾಗಿಲ್ಲ ಅಂದ್ರು ಕಂಪನಿ ಡಾಕ್ಟ್ರು. ಸಂಕ್ರಾಂತಿ ಆದ್ಮೇಲೆ ಇನ್ನೊಂದ್ಸಲ ನೋಡ್ತಾರೆ. ಇಳೀಲಿಲ್ಲ ಅಂದ್ರೆ ಸ್ಟೋರ್ಸಿಗೆ ಹಾಕ್ಬಿಡ್ತಾರೆ."

ಸ್ಟೋರ್ಸು ಎನ್ನುವಾಗ ಅವರ ದನಿ ಜೈಲು ಎಂದ ಹಾಗಿತ್ತು. ಎರಕದ ಕಾರ್ಖಾನೆಯ ಮೇಲ್ವಿಚಾರಕರು ಅವರು. ಮದುವೆಯಾದ ಹೊಸತರಲ್ಲಿ ಬೇರೆಯವರೆಲ್ಲ ಹೆಂಡತಿಗೆ ಲಾಲ್‌ಬಾಗ್ ತೋರಿಸಿದರೆ ಇವರು ಕುಲುಮೆ ತೋರಿಸಿದ್ದರು. ಕರಗಿದ ಕಬ್ಬಿಣ ಹರಿಯುವುದನ್ನು ನೋಡುವಾಗ ಅವರ ಮುಖದಲ್ಲಿದ್ದ ಕಾಂತಿ ನನ್ನನ್ನು ನೋಡುವಾಗ ಬಂದದ್ದು ನೆನಪಿಲ್ಲ. ಅಂಥವರನ್ನು ನಟ್ಟು ಬೋಲ್ಟುಗಳ ನಡುವೆ ಕೂರಿಸಿದರೆ ಬಿ.ಪಿ. ಇಳಿಯಬಹುದು, ಅವರು ಮಾತ್ರ ಏಳಲಾರರು. ಸದ್ಯ, ತಾವಾಗಿಯೇ ಬಸ್ಸು ಹತ್ತಿ ಮನೆಗೆ ಬರುವಷ್ಟು ನೆಟ್ಟಗಿಟ್ಟಿದ್ದಾನಲ್ಲ ಶಿವ ಎಂದು ಕೈಮುಗಿದೆ.

ಡಾಕ್ಟರು ಕೊಟ್ಟ ಮಾತ್ರೆಯ ಜೊತೆ ಕಂಪನಿಯವರು ಕೊಟ್ಟ ಧ್ಯಾನದ ಸಿ.ಡಿ.ಯೂ ಮನೆಗೆ ಬಂತು. ಅದರೊಳಗಿದ್ದ ಗುರುಗಳದು ಬೆಣ್ಣೆಯಂಥ ದನಿ. "ಹಿಂದಿನದು ಬಿಡಿ, ಮುಂದಿನದು ಬಿಡಿ, ವರ್ತಮಾನದಲ್ಲಿರಿ" ಎಂದರು. ನಮ್ಮತ್ತೆ ದಾವಣಗೆರೆ ಕಡೆಯವರು. ಅವರ ಪಾಲಿಗೆ ವರ್ತಮಾನವೆಂದರೆ ಸುದ್ದಿ. ಮಗನಿಗೆ ಸಹಾಯವಾಗಲೆಂದು ಟಿ.ವಿ.ಯಲ್ಲಿ ವಾರ್ತೆ ಹಾಕಿ, ದನಿ ಏರಿಸಿ, ಪಕ್ಕದಲ್ಲೇ ಕೂತರು.

ಮನಸ್ಸಿನ ಅಲೆಗಳು ಅಡಗುವುದೇ ಯೋಗ ಎಂದೂ ಗುರುಗಳು ಹೇಳಿದರು. ದೊಡ್ಡ ಮಾತು, ನಾನು ಒಪ್ಪುತ್ತೇನೆ. ಆದರೆ ಒಬ್ಬರ ಅಲೆ ಅಡಗಬೇಕಾದರೆ ಮಿಕ್ಸಿ ಅಡಗಬೇಕು, ಕುಕ್ಕರ್ ಅಡಗಬೇಕು, ಒಗ್ಗರಣೆಯ ಸಾಸಿವೆಯೂ ಸಿಡಿಯಬಾರದು. ಯಜಮಾನರು ಶಾಂತಿಯಲ್ಲಿದ್ದಷ್ಟು ಹೊತ್ತು ನಾನು ಕಳ್ಳಿಯ ಹಾಗೆ ನನ್ನದೇ ಅಡುಗೆಮನೆಯಲ್ಲಿ ತುದಿಗಾಲಲ್ಲಿ ಓಡಾಡಿದೆ. ನನ್ನ ಬಿ.ಪಿ.ಯನ್ನು ಯಾರೂ ನೋಡಲಿಲ್ಲ, ಅದೂ ಒಂದು ಪುಣ್ಯ.

ಮೊದಲು ಅವರು ಶವಾಸನದಲ್ಲಿ ಮಲಗುತ್ತಿದ್ದರು. ಆ ಹೆಸರು ಕೇಳಿದ್ದೇ ಅತ್ತೆ ಸಿಡಿದರು. "ಮನಿಯಾಗೆ ಆ ಶಬ್ದ ಎತ್ತಬ್ಯಾಡ. ಮಾಡೋದಾದ್ರೆ ಕುಂತ್ಕಂಡು ಮಾಡು!"

ಸರಿ, ಯಜಮಾನರು ಕೂತರು. ಸೊಂಟ ನೋವೆಂದು ಗೋಡೆಗೆ ಒರಗಿದರು. ನಾವಿರುವ ಮಾಕಳಿಯ ಡಿಸೆಂಬರ್ ಚಳಿಗೆ ಮಫ್ಲರನ್ನು ನೆತ್ತಿಯಿಂದ ಗದ್ದದ ಕೆಳಗೆ ಸುತ್ತಿ ಬಿಗಿದರು. ಅತ್ತೆ ಹಣೆಗೆ ಢಾಳಾಗಿ ವಿಭೂತಿ ಬಳಿದರು. ನಾನು ಊದುಬತ್ತಿ ಹಚ್ಚಿದೆ. ಎಲ್ಲರೂ ಒಳ್ಳೆಯದನ್ನೇ ಮಾಡಿದೆವು. ಆದರೆ ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಬಾಯಿ ತೆರೆಯದಂತೆ ಗದ್ದಕ್ಕೆ ಬಟ್ಟೆ ಕಟ್ಟುತ್ತೇವೆ. ಇದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಗಂಗವ್ವನಿಗೆ. ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಗಂಡನ ಜೊತೆ ಹಿಂದಿನ ಬೀದಿಯ ಬಾಡಿಗೆ ಕೋಣೆಯಲ್ಲಿರುವ ಅವಳು ನಮಗೆ ಜೋಳದ ರೊಟ್ಟಿ ಬಡಿದು ತಂದುಕೊಡುತ್ತಾಳೆ. ಆ ಬೆಳಿಗ್ಗೆ ತೆರೆದ ಬಾಗಿಲಲ್ಲಿ ಬಂದು ನಿಂತಳು. ನಾನು ಈರುಳ್ಳಿ ಹೆಚ್ಚುತ್ತಿದ್ದವಳು ಸೆರಗಿನಿಂದ ಕಣ್ಣೊರೆಸುತ್ತ ಹೊರಗೆ ಬಂದೆ. ಅವಳು ಯಜಮಾನರನ್ನು ನೋಡಿದಳು, ನನ್ನನ್ನು ನೋಡಿದಳು. "ಅಕ್ಕಾರ?" ಎಂದಳು. ಮಾತಾಡಬೇಡ ಎಂದು ನಾನು ತುಟಿಗೆ ಬೆರಳಿಟ್ಟು ತಲೆಯಾಡಿಸಿದೆ.

ರೊಟ್ಟಿಯ ಬುಟ್ಟಿ ಕೆಳಗಿಳಿಯಿತು. ಗಂಗವ್ವ ಅವರೆದುರು ಕುಸಿದು ಕೂತು ಹಾಡ್ಯಾಡಿ ಅಳತೊಡಗಿದಳು.

"ಯಪ್ಪಾ ನನ್ನಪ್ಪಾ! ರೊಟ್ಟಿ ದಪ್ಪಾತು ಅಂತ ಒಂದಿನಾನೂ ಅನಲಿಲ್ಲಲ್ಲೋ! ನನ್ನ ಮಗಳ್ನ ಸಾಲಿಗೆ ಸೇರಿಸಾಕ ಬಿಸಲಾಗ ನಿಂತಿದ್ಯಲ್ಲೋ! ಅಕ್ಕಾರ ಮಾಡಿದ ಉಪ್ಪಿಲ್ಲದ ಸಾರ ನಕ್ಕೋತ ಉಂಡ್ಯಲ್ಲೋ!"

ಕೊನೆಯದು ಬೇಕಿರಲಿಲ್ಲ. ದೇವರ ಕೋಣೆಯಿಂದ ಅತ್ತೆ "ಯಾರ್ ಹೋದ್ರೇ?" ಎನ್ನುತ್ತ, ಯಾರೆಂದು ತಿಳಿಯುವ ಮೊದಲೇ ಅಳುತ್ತ ಬಂದರು. ನಾನು ಕೂಗಿದೆ: "ಗಂಗವ್ವಾ, ಉಸಿರಾಡ್ತಿದಾರೆ ಕಣೇ!"

ಯಜಮಾನರು ಒಂದು ಕಣ್ಣು ತೆರೆದರು. "ಇರ್ಲಿ ಬಿಡೇ," ಎಂದರು. "ಮುಗಿಸ್ಲಿ."

ಗಂಗವ್ವ ಕಿಟಾರನೆ ಕಿರುಚಿ ಬುಟ್ಟಿಯ ಮೇಲೇ ಬಿದ್ದಳು. ಚೇತರಿಸಿಕೊಂಡ ಮೇಲೆ ಅವಳಿಗೆ ಬಂದ ಸಿಟ್ಟು ನೋಡಬೇಕಿತ್ತು. "ಸತ್ತವರಂಗ ಕುಂತ್ರ ನಾ ಏನ್ ಮಾಡ್ಲ್ರೀ ಸಾಹೇಬ್ರ? ಅತ್ತ ಕಣ್ಣೀರ ವಾಪಸ್ ಕೊಡ್ರಿ!"

ಅಂದು ಮುರಿದ ರೊಟ್ಟಿ ತಿನ್ನುತ್ತ ಯಜಮಾನರು ಮೆಲ್ಲಗೆ ಹೇಳಿದರು: "ಅಷ್ಟು ಹೊತ್ತು ಬೇರೆ ಒಂದು ಯೋಚ್ನೇನೂ ಬರಲಿಲ್ಲ ಕಣೇ. ಒಂದಕ್ಷರ ತಪ್ಪದೆ ಕೇಳಿಸಿಕೊಂಡೆ."

ನನಗೆ ನಗು ಬಂದು, ನಡುವೆಯೇ ನಿಂತಿತು. ಆ ಸ್ಕೂಲಿನ ಮುಂದೆ ಅವರು ಬಿಸಿಲಲ್ಲಿ ನಿಂತದ್ದು ನನಗೂ ಗೊತ್ತಿತ್ತು. ನಾನು ಅಂದು ಆಡಿದ್ದು, ಛತ್ರಿ ಯಾಕೆ ಒಯ್ಯಲಿಲ್ಲ ಎಂಬ ಬೈಗುಳ ಮಾತ್ರ. ಉಸಿರಿನ ಮೇಲೆ ಗಮನವಿಡಿ ಎನ್ನುತ್ತಾರೆ ಗುರುಗಳು. ಮನೆಯಲ್ಲಿ ಉಸಿರಾಡುತ್ತಿರುವವರ ಮೇಲೂ ಇಡಬೇಕೆಂದು ಸಿ.ಡಿ.ಯಲ್ಲಿ ಇರಲಿಲ್ಲ, ಅಥವಾ ಅತ್ತೆಯ ವಾರ್ತೆಯ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.

ಸಂಕ್ರಾಂತಿ ಕಳೆಯಿತು. ಮಧ್ಯಾಹ್ನ ಫೋನು. "ಇಳಿದಿದೆ ಕಣೇ! ಡಾಕ್ಟ್ರು ಬಿ.ಪಿ. ನೋಡೋಕೆ ಕೈಗೆ ಪಟ್ಟಿ ಕಟ್ಟಿದಾಗ ಗಂಗವ್ವನ ಹಾಡು ನೆನಪಾಗಿ ನಗು ಬಂದ್ಬಿಡ್ತು. ಮಾತ್ರೆ ಬಿಡ್ಬೇಡಿ, ಕುಲುಮೆಗೆ ಹೋಗಿ ಅಂದ್ರು."

ಅವರ ದನಿಯ ಹಿಂದೆ ಕುಲುಮೆಯ ಮೊರೆತ ಕೇಳುತ್ತಿತ್ತು. ಶಿವನಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಈಗಲಾದರೂ ಹೇಳಿಬಿಡಬೇಕೆಂದು ಗಂಟಲು ಸರಿಮಾಡಿಕೊಂಡೆ.

"ರೀ, ನೀವು ತುಂಬ ಒಳ್ಳೆಯವರು ಕಣ್ರೀ."

ಆ ಕಡೆಯಿಂದ ಗಾಬರಿಯ ದನಿ: "ಯಾಕೇ? ಏನಾಯ್ತು? ಡಾಕ್ಟ್ರು ನಿನಗೇನಾದ್ರೂ ಬೇರೆ ಹೇಳಿದ್ರಾ?"

"ಏನಿಲ್ಲ, ಸುಮ್ನೆ ಅಂದೆ" ಎಂದು ಫೋನಿಟ್ಟೆ. ನಲ್ಲಿಯಲ್ಲಿ ಗೊರಗೊರ ಸದ್ದಾಯಿತು. ಮೂರು ದಿನಕ್ಕೊಮ್ಮೆ ಬರುವ ನೀರು, ತಡಮಾಡಿದರೆ ಹೋಗಿಬಿಡುತ್ತದೆಂದು ಡ್ರಮ್ಮಿನ ಮುಚ್ಚಳ ತೆಗೆದು ಹಿಡಿಯಲು ಓಡಿದೆ.