ಅಕ್ಕನ ಗೊಂಬೆಗಳೂ ಹಿತ್ತಾಳೆ ಪಟ್ಟಿಯೂ

ಅಕ್ಕನಿಗೆ ಲಕ್ವ ಹೊಡೆದು ಮಾತು ನಿಂತಾಗ, ಅವಳ ಮಾತೆಲ್ಲ ನನ್ನ ಫೋನಿನಲ್ಲಿ ಉಳಿದಿತ್ತು. ದಿನಕ್ಕೆ ಹತ್ತು ವಾಯ್ಸ್ ಮೆಸೇಜು ಕಳಿಸಿ ನನ್ನನ್ನು ಬೈಯುತ್ತಿದ್ದವಳು. ಆ ಬೈಗುಳದಲ್ಲೇ ಹುಡುಕಿ ‘ನೀರು’, ‘ಕಾಪಿ’, ‘ಫ್ಯಾನ್ ಹಾಕು’ ಎಂಬಂಥ ಆರು ತುಣುಕುಗಳನ್ನು ಕತ್ತರಿಸಿಕೊಂಡೆ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಭಾವ ಆರು ಪುಟ್ಟ ಗೊಂಬೆ ಮಾಡಿಕೊಟ್ಟರು. ಒಂದೊಂದರ ತಳಕ್ಕೂ ಒಂದು ಎನ್‌ಎಫ್‌ಸಿ ಸ್ಟಿಕ್ಕರ್, ಅಂದರೆ ತಾಕಿಸದೆಯೇ ಓದಬಹುದಾದ ಚೀಟಿ, ಅಂಟಿಸಿ ಒಂದೊಂದು ಮಾತು ಜೋಡಿಸಿದೆ. ಅದನ್ನು ಓದಿ ಆ ಮಾತು ನುಡಿಸುವ ಬೋರ್ಡನ್ನು ಅಂಗೈಯಗಲದ ದುಂಡು ಮಣೆಯೊಳಗೆ ಕೂರಿಸಿದೆ. ಗೊಂಬೆಯನ್ನು ಮಣೆಯ ಹತ್ತಿರ ಹಿಡಿದರೆ ಅಕ್ಕನ ದನಿಯೇ ನೀರು ಕೇಳುತ್ತಿತ್ತು.

ಹತ್ತಿರ ಹಿಡಿದರೆ ಸಾಕು ಎನ್ನುವುದೇ ಮುಖ್ಯ. ಅವಳ ಬಲಗೈ ನಡುಗುತ್ತದೆ, ಇಡಬೇಕಾದ ಕಡೆ ಇಡಲಾಗದು. ಮೊದಮೊದಲು ಮೂರು ಬೆರಳು ಮೇಲಿದ್ದರೂ ಓದುತ್ತಿತ್ತು. ಎರಡು ತಿಂಗಳಾದ ಮೇಲೆ ಒತ್ತಿ ಹಿಡಿದರೂ ಯಾವಾಗಲೋ ಒಮ್ಮೆ.

ರಾಮನಗರದಲ್ಲಿ ನನ್ನದು ತೂಕದ ಯಂತ್ರ, ಯುಪಿಎಸ್ ರಿಪೇರಿ. ವಾರವೆಲ್ಲ ಅದರಲ್ಲೇ ಕಣ್ಣು ಉರಿದು, ಭಾನುವಾರ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗಿ ಬೋರ್ಡು ಬಿಚ್ಚಿಕೊಂಡು ಬರುತ್ತಿದ್ದೆ. ಅಂಗಡಿಯ ಮೇಜಿನ ಮೇಲಿಟ್ಟರೆ ಸೊಗಸಾಗಿ ಓದುವುದು! ಆದರೂ ಕೆಪಾಸಿಟರ್ ಬದಲಾಯಿಸಿದೆ, ಅಡಾಪ್ಟರ್ ಬದಲಾಯಿಸಿದೆ, ಆಂಟೆನಾ ಸುರುಳಿಯನ್ನು ಹೊಸದಾಗಿ ಸುತ್ತಿದೆ. ಮತ್ತೆ ಒಯ್ದು ಮಣೆಯೊಳಗೆ ಹಾಕಿದರೆ ಅದೇ ಕಥೆ. ಮೂರು ಭಾನುವಾರ ಹೀಗೇ ಹೋದವು. ಸಾಕು ಸಾಕಾಗಿ, ಯಂತ್ರದ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡೆ. ನೆಟ್ಟಗೆ ಹಿಡಿಯೋಕೆ ಏನು ರೋಗ ಎಂದುಬಿಟ್ಟೆ. ಏನು ರೋಗವೆಂದು ನನಗೆ ಗೊತ್ತಿರಲಿಲ್ಲವೇ? ಥೂ, ನನ್ನ ಬಾಯಿಗಿಷ್ಟು.

ಭಾವ ನನ್ನನ್ನು ಹಿತ್ತಿಲಿಗೆ ಕರೆದೊಯ್ದು ಮೆಲ್ಲಗೆ ಹೇಳಿದರು: “ಬೋರ್ಡು ಸರ್ಯಾಗೇ ಐತೆ ಕಣ್ಲಾ. ಅವಳ ಕೈಯೇ ಸೋತೋಗೈತೆ. ಬುಟ್ಬುಡು.”

ನಾನೂ ಒಪ್ಪಿಕೊಂಡೆ. ಒಳಗೆ ಅಕ್ಕನಿಗೆ ಕೇಳಿಸಿರಬೇಕು. ಅಂದಿನಿಂದ ಅವಳು ಗೊಂಬೆ ಮುಟ್ಟಲಿಲ್ಲ. ಬಾಯಾರಿದರೂ ಗೋಡೆ ನೋಡಿಕೊಂಡು ಮಲಗಿರುತ್ತಿದ್ದಳಂತೆ.

ಮುಂದಿನ ಭಾನುವಾರ ಎಲ್ಲವನ್ನೂ ವಾಪಸು ತರಲೆಂದೇ ಹೋದೆ. ಕರೆಂಟಿನ ವೈರು ಕೀಳುವಷ್ಟೂ ತಾಳ್ಮೆ ಇರಲಿಲ್ಲ, ಬೋರ್ಡನ್ನು ಹಾಗೆಯೇ ಮಣೆಯಿಂದ ಎತ್ತಿ ಮಂಚದ ಮೇಲಿಟ್ಟೆ. ಇದನ್ನೂ ತೆಗೆದುಕೊಂಡು ಹೋಗು ಎನ್ನುವಂತೆ ಅಕ್ಕ ನಡುಗುವ ಕೈಯಲ್ಲಿ ಒಂದು ಗೊಂಬೆಯನ್ನು ನನ್ನತ್ತ ಚಾಚಿದಳು. ಗೊಂಬೆ ಬೋರ್ಡಿನಿಂದ ಮೂರು ಬೆರಳು ಮೇಲಿತ್ತು. “ನೀರು” ಎಂದಿತು.

ಮಣೆಯನ್ನು ತಿರುಗಿಸಿ ನೋಡಿದೆ. ಅಂಚಿಗೆ ಹಿತ್ತಾಳೆ ಪಟ್ಟಿ. ಎರಡು ತಿಂಗಳಾಗುವ ಹೊತ್ತಿಗೆ ಮರ ಸೀಳು ಬಿಡುತ್ತಿದೆಯೆಂದು ಭಾವ, ಗಾಡಿ ಚಕ್ರಕ್ಕೆ ಹಾಕುವ ಹಾಗೆ ಸುತ್ತಲೂ ಪಟ್ಟಿ ಬಿಗಿದು ಬೆಸುಗೆ ಹಾಕಿಸಿದ್ದರು. ಚೆನ್ನಾಗಿದೆ ಎಂದು ನಾನೇ ಹೊಗಳಿದ್ದೆ. ಆಂಟೆನಾ ಸುರುಳಿಯ ಸುತ್ತ ಹೀಗೆ ಲೋಹದ ಬಳೆ ಬಿಗಿದರೆ, ಸುರುಳಿಯ ಶಕ್ತಿಯನ್ನೆಲ್ಲ ಆ ಬಳೆಯೇ ನುಂಗಿಬಿಡುತ್ತದೆ. ಅರ್ಧ ಆಯುಷ್ಯ ಬೋರ್ಡು ಬಿಚ್ಚುವುದರಲ್ಲೇ ಕಳೆದವನಿಗೆ ಇದು ಹೊಳೆಯಲಿಲ್ಲ. ಬೋರ್ಡನ್ನಷ್ಟೇ ಹೊತ್ತು ತಿರುಗಿದೆ, ಮಣೆಯನ್ನು ಒಂದು ಸಲವೂ ಅಂಗಡಿಗೆ ಒಯ್ಯಲಿಲ್ಲ.

ಭಾವ ತಲೆ ತಗ್ಗಿಸಿ ಕೂತರು. ಹ್ಯಾಕ್ಸಾ ಬ್ಲೇಡಿನಲ್ಲಿ ಪಟ್ಟಿಯನ್ನು ಒಂದು ಕಡೆ ಕುಯ್ದು ಬಿಡಿಸಿದೆ. ಬೋರ್ಡು ಕೂರಿಸಿ ಅಕ್ಕನ ಮುಂದಿಟ್ಟು, ತಪ್ಪು ನಿನ್ನ ಕೈಯದಲ್ಲ, ನಮ್ಮದು ಎಂದೆ. ಅವಳು, ನನ್ನನ್ನು ಕರೆಯಲೆಂದು ಮಾಡಿದ್ದ ಗೊಂಬೆಯನ್ನು ಎತ್ತಿ ಹಿಡಿದಳು.

“ಬಾರ್ಲಾ ಇಲ್ಲಿ” ಎಂದಿತು ಅವಳ ಹಳೆಯ ದನಿ.

ಹೋಗಿ ಬಗ್ಗಿದೆ. ಗೊಂಬೆ ಬಿಟ್ಟು, ಅದೇ ಕೈಯಲ್ಲಿ ನನ್ನ ಕೆನ್ನೆಗೆ ಹೊಡೆದಳು. ನೋವೇ ಆಗಲಿಲ್ಲ. ಕೈ ಕೆನ್ನೆಯಿಂದ ಜಾರಿ ನನ್ನ ಹೆಗಲ ಮೇಲೆ ಬಿತ್ತು. ಅದನ್ನು ಹಿಂದಕ್ಕೆ ಎಳೆದುಕೊಳ್ಳಲು ಅವಳಿಂದ ಆಗಲಿಲ್ಲ. ನಾನೇ ಎತ್ತಿ ಅವಳ ಮಡಿಲಲ್ಲಿಟ್ಟೆ.